ಸ್ಪ್ಯಾನರ್ ಯಾರ ಕೈಯಲ್ಲಿ? ಜೀಪು, ಗ್ಯಾರೇಜು ಮತ್ತು ಎಂಬತ್ತು ವರ್ಷ ಹಳೆಯ ಒಂದು ಪ್ರಶ್ನೆ

ಇದು ಕಳೆದ ಭಾನುವಾರದ ವಿಡಿಯೋದ ಬರಹ ರೂಪ. ಸಮಯ ಸಾಲದೆ ಮಾತಿನಲ್ಲಿ ಬಿಟ್ಟುಹೋದ ಕೆಲವು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ, ನನ್ನದೇ ಎರಡು ಹಾಳು ಜೋಕುಗಳನ್ನು ತೆಗೆದುಹಾಕಿದ್ದೇನೆ.

ಐರೋಲಿ, ಮಹಾಪೆ, ಠಾಣೆ ಕಡೆ ಕೆಲಸ ಮಾಡುವ ನಮ್ಮವರಲ್ಲಿ ಈಗ ಥಾರ್, ಜಿಮ್ನಿ ತಗೊಂಡವರು ಬಹಳ ಜನ. ಮಳೆಗಾಲ ಮುಗೀತಾ ಬಂತು ಅಂದ್ರೆ ಅವರಿಂದ ಒಂದೇ ಪ್ರಶ್ನೆ ಬರುತ್ತೆ: "ಲಿಫ್ಟು, ಸ್ನಾರ್ಕಲ್, ಲೈಟು, ವಿಂಚು ಇದನ್ನೆಲ್ಲ ಗ್ಯಾರೇಜಿಗೆ ಕೊಡೋದಾ, ಯೂಟ್ಯೂಬ್ ನೋಡ್ಕೊಂಡು ನಾವೇ ಮಾಡೋದಾ?" ಇತಿಹಾಸದ ಚಾನೆಲ್ಲಿಗೆ ಇದನ್ನು ಯಾಕೆ ಕೇಳ್ತೀರಿ ಅಂತ ನಾನು ತಮಾಷೆ ಮಾಡ್ತಿದ್ದೆ. ಆದರೆ ಈ ಪ್ರಶ್ನೆಗೇ ಒಂದು ಇತಿಹಾಸ ಇದೆ. ಅದರ ಒಂದು ತುದಿ ಕಲ್ಯಾಣದಲ್ಲಿದೆ, ಇನ್ನೊಂದು ತುದಿ ನಮ್ಮ ಮಲೆನಾಡಿನ ಕಾಫಿ ಕಣದಲ್ಲಿದೆ. ಅದಕ್ಕಿಂತ ಮೊದಲು ನನ್ನ ಒಂದು ತಪ್ಪಿನ ಕಥೆ ಹೇಳ್ಬೇಕು. ಅದು ನಡೀದೇ ಇದ್ದಿದ್ರೆ ನಾನು ಈ ವಿಷಯ ಓದ್ತಾನೂ ಇರಲಿಲ್ಲ.

ನನ್ನದು 2014ರ ಹಳೇ ಥಾರ್, ಸಿಆರ್‌ಡಿಇ. ಮುಂದೆ ಟಾರ್ಶನ್ ಬಾರ್, ಹಿಂದೆ ಲೀಫ್ ಸ್ಪ್ರಿಂಗ್. ಎರಡು ವರ್ಷದ ಹಿಂದೆ ಕೊಪ್ಪದ ನಮ್ಮ ಮನೆ ಕಣದಲ್ಲಿ, ನಾನೂ ನನ್ನ ಒಬ್ಬ ಸಹೋದ್ಯೋಗಿಯೂ ಎರಡು ವಾರಾಂತ್ಯ ಕೂತು ಅದನ್ನು ಎತ್ತರ ಮಾಡಿದ್ವಿ. ಹಿಂದೆ ಉದ್ದದ ಶಾಕಲ್ ಹಾಕಿದ್ವಿ, ಮುಂದೆ ಟಾರ್ಶನ್ ಬಾರ್ ತಿರುಗಿಸಿ ಏರಿಸಿದ್ವಿ. ನೋಡೋಕೆ ಚೆನ್ನಾಗಿತ್ತು. ಕೊಪ್ಪದಿಂದ ಡೊಂಬಿವಿಲಿವರೆಗೆ ಒಂದು ತಕರಾರೂ ಇಲ್ಲದೆ ಓಡಿತು.

ದೀಪಾವಳಿಗೆ ಅಪ್ಪಯ್ಯ ಡೊಂಬಿವಿಲಿಗೆ ಬಂದಿದ್ರು. ಬಾರ್ವಿ ಡ್ಯಾಮ್ ಕಡೆಗೆ ಒಂದು ಮಣ್ಣಿನ ದಾರಿಯಲ್ಲಿ ಕರ್ಕೊಂಡು ಹೋದೆ. ಒಂದು ಕಡೆ ಹಿಂದಿನ ಎಡಚಕ್ರ ಗುಂಡಿಗಿಳಿದು ನೇತಾಡಿತು. ಹೆಚ್ಚೇನೂ ಕಷ್ಟ ಆಗ್ಲಿಲ್ಲ, ಮೇಲೆ ಬಂದ್ವಿ, ಖುಷಿಯಾಗಿ ವಾಪಸ್ ಹೊರಟ್ವಿ. ಬದ್ಲಾಪುರ–ಕಾಟೈ ರಸ್ತೆಯಲ್ಲಿ ಎದುರಿಗಿದ್ದ ರಿಕ್ಷಾ ಧಡಕ್ಕನೆ ನಿಂತಿತು. ನಾನು ಬ್ರೇಕ್ ಒತ್ತಿದೆ, ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಯಿತು. ಗಾಡಿ ನಿಂತಿದ್ದು ಮುಂದಿನ ಡಿಸ್ಕುಗಳಿಂದ ಮತ್ತು ಅಪ್ಪಯ್ಯ ಪಕ್ಕದಿಂದ ಕೈ ಹಾಕಿ ಎಳೆದ ಹ್ಯಾಂಡ್ ಬ್ರೇಕಿನಿಂದ. ರಿಕ್ಷಾಕ್ಕೂ ನಮಗೂ ನಡುವೆ ಒಂದು ಗೇಣು ಜಾಗ ಇತ್ತು. ರಿಕ್ಷಾದ ಹಿಂದಿನ ಸೀಟಿನಲ್ಲಿ ಸ್ಕೂಲ್ ಬ್ಯಾಗ್ ಹಿಡ್ಕೊಂಡಿದ್ದ ಹುಡುಗಿ ನಮ್ಮ ಕಡೆ ತಿರುಗಿ ನೋಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆಗಿದ್ದು ಇಷ್ಟು. ಚಾಸಿಯಿಂದ ಹಿಂದಿನ ಆ್ಯಕ್ಸಲ್‌ಗೆ ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಹೋಸ್ ಒಂದೇ ಒಂದು. ನಾವು ಗಾಡಿ ಎತ್ತರಿಸಿದ್ವಿ, ಹೋಸ್ ಹಳೇ ಉದ್ದದ್ದೇ ಉಳಿಯಿತು. ಸಮತಟ್ಟು ನೆಲದಲ್ಲಿ ಅದು ಸಡಿಲವಾಗೇ ಕಾಣುತ್ತೆ. ಚಕ್ರ ಪೂರ್ತಿ ಕೆಳಗೆ ಜೋತುಬಿದ್ದಾಗ ಮಾತ್ರ ಬಿಗಿದು ತುದಿಯ ಜೋಡಣೆಯಲ್ಲಿ ಕೀಳುತ್ತೆ. ಮುಂದಿನ ಚಕ್ರಗಳಿಗೆ ಮತ್ತು ಹಿಂದಿನವಕ್ಕೆ ಬೇರೆ ಬೇರೆ ಸರ್ಕ್ಯೂಟ್ ಇದ್ದಿದ್ದರಿಂದ ನಾವು ಉಳಿದ್ವಿ. ಆ ಹೋಸಿನ ಬೆಲೆ ಉಡುಪಿ ಹೋಟೆಲಿನಲ್ಲಿ ಇಬ್ಬರು ಊಟ ಮಾಡುವಷ್ಟು ದುಡ್ಡು.

ಅಪ್ಪಯ್ಯ ಬೈಯಲಿಲ್ಲ. "ಜಾಕಿ ಮೇಲೆ ನೇತಾಕಿ ನೋಡಿದ್ಯನಾ?" ಅಂತ ಮಾತ್ರ ಕೇಳಿದ್ರು. ನೋಡಿರಲಿಲ್ಲ.

ಆ ಪ್ರಶ್ನೆ ಹಿಡ್ಕೊಂಡು ನಾನು ಹಳೇ ಜೀಪಿನ ಕೈಪಿಡಿಗಳನ್ನು ಹುಡುಕೋಕೆ ಶುರು ಮಾಡಿದೆ.

ಜೀಪು ಹುಟ್ಟಿದ್ದು ಅವಸರದಲ್ಲಿ. 1940ರಲ್ಲಿ ಅಮೆರಿಕದ ಸೇನೆ ಒಂದು ಹಗುರ, ನಾಲ್ಕೂ ಚಕ್ರ ತಿರುಗುವ ಗಾಡಿ ಕೇಳಿತು. ಮೊದಲ ಮಾದರಿಗೆ ಕೊಟ್ಟಿದ್ದು 49 ದಿನ. ಬ್ಯಾಂಟಮ್ ಅನ್ನೋ ಸಣ್ಣ ಕಂಪನಿ ಸೆಪ್ಟೆಂಬರ್ 23ರಂದು ಗಾಡಿ ತಂದು ನಿಲ್ಲಿಸಿತು. ಸೇನೆ ಆ ವಿನ್ಯಾಸವನ್ನು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೂ ತೋರಿಸಿತು, ಯುದ್ಧಕಾಲದ ಆರು ಲಕ್ಷಕ್ಕೂ ಹೆಚ್ಚು ಜೀಪುಗಳಲ್ಲಿ ಬಹುಪಾಲನ್ನು ಆ ಇಬ್ಬರೇ ಮಾಡಿದರು. ಬ್ಯಾಂಟಮ್‌ಗೆ ಸಿಕ್ಕಿದ್ದು ಟ್ರೈಲರ್ ಕೆಲಸ. ಸ್ಟಾರ್ಟಪ್‌ನಲ್ಲಿ ಇದ್ದವರಿಗೆ ಈ ಕಥೆ ಬಿಡಿಸಿ ಹೇಳ್ಬೇಕಾಗಿಲ್ಲ. ನಮಗೆ ಮುಖ್ಯವಾದದ್ದು ಬೇರೆ: ವಿಲ್ಲಿಸ್ ಜೀಪಿನ ಭಾಗ ಫೋರ್ಡ್ ಜೀಪಿಗೆ ಕೂರಬೇಕು ಅಂತ ಸೇನೆ ಪಟ್ಟು ಹಿಡೀತು. ಒಂದು ಸತ್ತ ಜೀಪಿನಿಂದ ಬಿಚ್ಚಿ ಇನ್ನೊಂದಕ್ಕೆ ಹಾಕೋ ಅಭ್ಯಾಸ ಅಲ್ಲಿಂದ ಬಂತು.

ಈ ಗಾಡಿ ಜೊತೆ ಬಂದ ಕೈಪಿಡಿಯ ಹೆಸರು ಟಿಎಂ 9-803, ತಾರೀಕು 1944ರ ಫೆಬ್ರವರಿ 22. ಅದನ್ನು ಓದಿದಾಗ ನನಗೆ ನಗು ಬಂತು, ಯಾಕಂದ್ರೆ ನಮ್ಮ ಆಫೀಸಿನ ಎಲ್1, ಎಲ್2, ಎಲ್3 ಸಪೋರ್ಟ್ ಅಲ್ಲೇ ಇತ್ತು. ಅಮೆರಿಕದ ಸೇನೆ ಗಾಡಿ ರಿಪೇರಿಯನ್ನು ಐದು ಹಂತ ಮಾಡಿತ್ತು. ಅದಕ್ಕೆ ಅವರ ಹೆಸರು ಎಶಲಾನ್. ಒಂದನೇ ಹಂತ ಡ್ರೈವರ್. ಎರಡನೇದು ಆ ತುಕಡಿಯ ಸ್ವಂತ ಮೆಕ್ಯಾನಿಕ್. ಮೂರನೇದು ಹಿಂದೆ ಹಿಂದೆ ಬರುವ ಸಂಚಾರಿ ವರ್ಕ್‌ಶಾಪ್. ನಾಲ್ಕನೇದು ಒಂದು ಕಡೆ ನೆಲೆ ನಿಂತ ದೊಡ್ಡ ವರ್ಕ್‌ಶಾಪ್. ಐದನೇದು ಬೇಸ್ ವರ್ಕ್‌ಶಾಪ್, ಅಲ್ಲಿ ಗಾಡಿಯನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಬಹುದು. 9-803 ಕೈಪಿಡಿ ಮೊದಲ ಎರಡು ಹಂತದವರಿಗೆ. ಎಂಜಿನ್, ಕ್ಲಚ್ಚು ಬಿಚ್ಚೋ ವಿದ್ಯೆ 9-1803ಎ ಅನ್ನೋ ಬೇರೆ ಪುಸ್ತಕದಲ್ಲಿತ್ತು. ಗೇರ್‌ಬಾಕ್ಸ್, ಆ್ಯಕ್ಸಲ್, ಚಾಸಿ ವಿಷಯ 9-1803ಬಿ ಯಲ್ಲಿ.

ಡ್ರೈವರ್‌ಗೆ ಕೊಟ್ಟಿದ್ದು ಏನು? ಜಾಕಿ, ಸ್ಕ್ರೂಡ್ರೈವರ್, ಇಕ್ಕಳ, ಸುತ್ತಿಗೆ, ಸ್ಪ್ಯಾನರ್, ಗ್ರೀಸ್ ಗನ್, ಹೊರಗೆ ಎಡಬದಿಗೆ ಕಟ್ಟಿದ ಸಲಿಕೆ ಮತ್ತು ಕೊಡಲಿ. ಜೊತೆಗೆ ಒಂದು ಪಟ್ಟಿ: ಗಾಡಿ ಹೊರಡೋ ಮೊದಲು ನೋಡಬೇಕಾದದ್ದು, ಓಡುವಾಗ ಗಮನಿಸಬೇಕಾದದ್ದು, ನಿಂತಾಗ ನೋಡಬೇಕಾದದ್ದು, ದಿನ ಮುಗಿದ ಮೇಲೆ ನೋಡಬೇಕಾದದ್ದು. ಅಂದ್ರೆ ಎಂಜಿನ್ ಬಿಚ್ಚೋ ಹಕ್ಕು ಡ್ರೈವರ್‌ಗೆ ಇರಲಿಲ್ಲ, ಆದರೆ ನೋಡೋ ಜವಾಬ್ದಾರಿ ಪೂರ್ತಿ ಅವನದೇ. ಬೇಸ್ ವರ್ಕ್‌ಶಾಪಿನಿಂದ ಬಂದ ಗಾಡಿ ಅಂತ ಆ ಪಟ್ಟಿಗೆ ರಿಯಾಯಿತಿ ಇರಲಿಲ್ಲ.

ಈ ಒಂದು ಸಾಲಿಗೋಸ್ಕರ ನಾನು ಇಡೀ ವಿಡಿಯೋ ಮಾಡಿದೆ ಅಂದ್ರೂ ತಪ್ಪಿಲ್ಲ. ಕೆಲಸ ಮಾಡೋದು ಯಾರು ಅನ್ನೋದು ಒಂದು ಪ್ರಶ್ನೆ, ಅದನ್ನು ನೋಡಿ ಸರಿ ಅನ್ನೋದು ಯಾರು ಅನ್ನೋದು ಇನ್ನೊಂದು ಪ್ರಶ್ನೆ. ನಾವು ಮೊದಲನೇದನ್ನೇ ಕೇಳ್ತಾ ಕೂರ್ತೀವಿ. ಆಫೀಸಿನಲ್ಲಿ ರಿವ್ಯೂ ಇಲ್ಲದೆ ಒಂದು ಸಾಲು ಕೋಡ್ ಪ್ರೊಡಕ್ಷನ್‌ಗೆ ಬಿಡದ ನಾನು, ಅಪ್ಪಯ್ಯ ಕೂತ ಗಾಡಿಯ ಬ್ರೇಕನ್ನು ಹಾಗೇ ಬಿಟ್ಟಿದ್ದೆ.

ಬ್ರಿಟಿಷರ ಸೈನ್ಯದಲ್ಲೂ ಇಂಥದ್ದೇ ಲೆಕ್ಕ ಇತ್ತು, ಅವರು ಅದನ್ನು ‘ಲೈನ್’ ಅಂತಿದ್ರು. ಭಾರತದ ಸೈನ್ಯಕ್ಕೆ 1943ರಲ್ಲಿ ರಿಪೇರಿಗೇ ಮೀಸಲಾದ ಒಂದು ದಳ ಬಂತು, ಇವತ್ತಿನ ಇಎಂಇಯ ಮೂಲ ಅದು. ಬೆಂಗಳೂರಿನಲ್ಲಿ ಹಲಸೂರಿನ ಕಡೆ ಓಡಾಡಿದವರು 515 ಆರ್ಮಿ ಬೇಸ್ ವರ್ಕ್‌ಶಾಪ್ ಅನ್ನೋ ಬೋರ್ಡು ನೋಡಿರ್ತೀರಿ. ಬೇಸ್ ವರ್ಕ್‌ಶಾಪ್ ಅನ್ನೋ ಮಾತು ಈ ಏಣಿಯ ಮೇಲಿನ ಮೆಟ್ಟಿಲಿನದು. ಇನ್ನು ಮಾಡಿಫಿಕೇಶನ್ ವಿಷಯಕ್ಕೆ ಬಂದ್ರೆ ಬರ್ಮಾ ಯುದ್ಧವನ್ನು ಮೀರಿಸೋರಿಲ್ಲ. ಅಲ್ಲಿ ರೈಲ್ವೆ ಎಂಜಿನ್‌ಗಳು ಬಾಂಬಿಗೆ ಸಿಕ್ಕಿ ಹಾಳಾಗಿದ್ದಾಗ, ಜೀಪುಗಳ ರಬ್ಬರ್ ಚಕ್ರ ತೆಗೆದು ಕಬ್ಬಿಣದ ರೈಲುಗಾಲಿ ಹಾಕಿ ಹಳಿ ಮೇಲೆ ಬೋಗಿ ಎಳೆಸಿದರು. ನಮ್ಮ ಮೂರು ಇಂಚಿನ ಲಿಫ್ಟು ಅದರ ಮುಂದೆ ಏನೂ ಅಲ್ಲ.

ಈಗ ಕಲ್ಯಾಣಕ್ಕೆ ಬರೋಣ. ಯುದ್ಧದ ಕಾಲದಲ್ಲಿ ಕಲ್ಯಾಣದ ಪಕ್ಕ ಒಂದು ದೊಡ್ಡ ಮಿಲಿಟರಿ ಟ್ರಾನ್ಸಿಟ್ ಕ್ಯಾಂಪ್ ಇತ್ತು. 1947ರಲ್ಲಿ ದೇಶ ಒಡೆದಾಗ ಸಿಂಧ್‌ನಿಂದ ಬಂದ ಕುಟುಂಬಗಳನ್ನು ಆ ಬ್ಯಾರಕ್‌ಗಳಲ್ಲಿ ಇಳಿಸಿದರು. 1949ರ ಆಗಸ್ಟಿನಲ್ಲಿ ಗವರ್ನರ್ ಜನರಲ್ ರಾಜಗೋಪಾಲಾಚಾರಿ ಅದಕ್ಕೆ ಉಲ್ಹಾಸನಗರ ಅಂತ ಹೆಸರಿಟ್ಟರು. ಇವತ್ತಿಗೂ ಅಲ್ಲಿ ವಿಳಾಸ ಹೇಳೋದು ಕ್ಯಾಂಪ್ ನಂಬರ್ ಒನ್, ಕ್ಯಾಂಪ್ ನಂಬರ್ ಫೈವ್ ಅಂತಾನೇ. ಮನೆ ಬಿಟ್ಟು ಬಂದವರು ಬ್ಯಾರಕ್‌ನಲ್ಲೇ ಮಷೀನು ಇಟ್ಟು ಸಣ್ಣ ಸಣ್ಣ ಕಾರ್ಖಾನೆ ಮಾಡಿದರು. ‘ಮೇಡ್ ಇನ್ ಯುಎಸ್‌ಎ’ ಅಂದ್ರೆ ಉಲ್ಹಾಸನಗರ ಸಿಂಧಿ ಅಸೋಸಿಯೇಶನ್ ಅನ್ನೋ ಜೋಕು ಎಲ್ಲರಿಗೂ ಗೊತ್ತು. ಆ ಜೋಕಿನಲ್ಲಿ ಕುಹಕ ಇದೆ, ಆದರೆ ಏನು ತಂದುಕೊಟ್ಟರೂ ಅಂಥದ್ದೇ ಇನ್ನೊಂದು ಮಾಡಿಕೊಡುವ ಕೈಗಳು ಈ ಸಾಲಿನಲ್ಲಿ ಎಷ್ಟು ಹಿಂದಿನಿಂದ ಇವೆ ಅನ್ನೋದಕ್ಕೆ ಸಾಕ್ಷಿಯೂ ಇದೆ.

ಅದೇ ಹೊತ್ತಿಗೆ ದೆಹಲಿಯಲ್ಲಿ ಜೀಪು ಒಂದು ಹಗರಣವಾಯಿತು. 1948ರಲ್ಲಿ ಕಾಶ್ಮೀರದಲ್ಲಿ ಯುದ್ಧ ನಡೀತಿತ್ತು, ಸೈನ್ಯಕ್ಕೆ ಜೀಪು ಬೇಕಿತ್ತು. ಲಂಡನ್ನಿನ ನಮ್ಮ ಹೈಕಮಿಷನ್ ಮೂಲಕ ರಿಪೇರಿ ಮಾಡಿದ ಹಳೇ ಜೀಪುಗಳಿಗೆ ಆರ್ಡರ್ ಹೋಯಿತು, ಲೆಕ್ಕ 2,000. ಬಂದು ಇಳಿದಿದ್ದು 155. ಅವೂ ಸೈನ್ಯ ಉಪಯೋಗಿಸೋ ಸ್ಥಿತಿಯಲ್ಲಿ ಇರಲಿಲ್ಲ. ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣ ಅಂತ ಇದನ್ನು ಕರೀತಾರೆ, 1955ರಲ್ಲಿ ಸರ್ಕಾರ ಕಡತ ಮುಚ್ಚಿತು. ರಾಜಕೀಯದ ಭಾಗ ಬೇರೆಯವರು ಸಾಕಷ್ಟು ಬರೆದಿದ್ದಾರೆ. ಗಾಡಿ ಇಟ್ಟುಕೊಂಡವನಾಗಿ ನನಗೆ ಕಾಣೋದು ಇಷ್ಟೇ: ಯಾರೋ ದೂರದಲ್ಲಿ ‘ಪೂರ್ತಿ ರೆಡಿ ಮಾಡಿದ್ದೀವಿ ಸಾರ್’ ಅಂದ ಗಾಡಿಯ ಕೆಳಗೆ ನಮ್ಮವರು ಯಾರೂ ಬಗ್ಗಿ ನೋಡದೆ ಹೋದ್ರೆ, ಅದು ಹಡಗಿನಿಂದ ಇಳಿದ ಮೇಲೇ ಬಂಡವಾಳ ಬಯಲಾಗೋದು.

1949ರಲ್ಲಿ ಮುಂಬಯಿಯ ಮಝಗಾಂವ್‌ನಲ್ಲಿ ಮಹೀಂದ್ರಾ ಕಂಪನಿ ವಿಲ್ಲಿಸ್ ಜೀಪನ್ನು ಜೋಡಿಸೋಕೆ ಶುರು ಮಾಡಿತು. ಅಮೆರಿಕದಿಂದ ಬಿಡಿ ಭಾಗಗಳು ಪೆಟ್ಟಿಗೆಯಲ್ಲಿ ಬರ್ತಿದ್ವು, ಇಲ್ಲಿ ಕೂಡಿಸೋದು. ಮುಂದೆ 1954ರಲ್ಲಿ ವಿಲ್ಲಿಸ್ ಜೊತೆ ಒಪ್ಪಂದ ಮಾಡ್ಕೊಂಡು ಭಾಗಗಳನ್ನೂ ಹಂತ ಹಂತವಾಗಿ ಇಲ್ಲೇ ಮಾಡಿದರು. ಎತ್ತರದ ಬಾನೆಟ್ಟಿನ ಸಿಜೆ3ಬಿ ಮಾದರಿ ದಶಕಗಟ್ಟಲೆ ಹೆಚ್ಚು ಬದಲಾಗದೆ ಓಡಿತು. ಪರ್ಮಿಟ್ ರಾಜ್‌ನ ಆಲಸ್ಯ ಅಂತ ಅದನ್ನು ಬೈಯಬಹುದು. ಆದರೆ ಅದೇ ಕಾರಣಕ್ಕೆ ಅರುವತ್ತರ ದಶಕದ ಜೀಪಿಗೆ ಎಂಬತ್ತರ ದಶಕದ ಭಾಗ ಕೂರುತ್ತಿತ್ತು, ಹಳ್ಳಿಯ ಒಬ್ಬ ಫಿಟ್ಟರ್ ಒಂದೇ ಗಾಡಿಯನ್ನು ಇಡೀ ಜೀವಮಾನ ಕಲಿಯಬಹುದಿತ್ತು.

ನಮ್ಮ ಕಡೆ ಜೀಪು ಅಂದ್ರೆ ಶೋಕಿ ಅಲ್ಲ, ಅದು ಎತ್ತಿನ ಗಾಡಿಯ ತಮ್ಮ. ಗೊಬ್ಬರದ ಮೂಟೆ, ಕಾಫಿ ಚೀಲ, ಹೆರಿಗೆಗೆ ಹೊರಟ ಹೆಂಗಸು, ಮದುವೆ ದಿಬ್ಬಣ ಎಲ್ಲ ಅದರಲ್ಲೇ. ಮಳೆಗಾಲದಲ್ಲಿ ಹಿಂದಿನ ಚಕ್ರಕ್ಕೆ ಚೈನು ಸುತ್ತಿ ಕೆಸರು ದಾಟೋರು. ಇವತ್ತು ಕೊಡಚಾದ್ರಿಗೋ ಮಾಂದಲಪಟ್ಟಿಗೋ ಬಾಡಿಗೆ ಜೀಪಿನಲ್ಲಿ ಹೋದವರು ಆ ಡ್ರೈವರ್‌ಗಳನ್ನು ಗಮನಿಸಿ. ಮೇಲೆ ತಲುಪಿ ನೀವು ಸೆಲ್ಫಿ ತಗೊಳ್ತಿರುವಾಗ ಅವರು ಗಾಡಿ ಕೆಳಗೆ ಬಗ್ಗಿ ಏನೋ ನೋಡ್ತಿರ್ತಾರೆ, ಚಕ್ರದ ನಟ್ಟು ಮುಟ್ತಾರೆ. 9-803 ಕೈಪಿಡಿಯನ್ನು ಓದದೇನೇ ಅದರ ಮೊದಲ ಹಂತ ಅವರಿಗೆ ಬಾಯಿಪಾಠ.

ಅಪ್ಪಯ್ಯನೂ ಹಾಗೇ ಕಲಿತವರು. ಆದರೆ ಇದನ್ನು ದೊಡ್ಡದು ಮಾಡಿ ಹೇಳೋಕೆ ನನಗೆ ಮನಸ್ಸಿಲ್ಲ. ಅವರು ಸ್ವಂತ ರಿಪೇರಿ ಮಾಡ್ತಿದ್ದಿದ್ದು ಸ್ವಾವಲಂಬನೆಯ ಆದರ್ಶದಿಂದಲ್ಲ. ಒಳ್ಳೇ ಗ್ಯಾರೇಜಿಗೆ ಹೋಗ್ಬೇಕಂದ್ರೆ ಗಾಡಿ ಓಡ್ಬೇಕಿತ್ತು, ಗಾಡಿ ಓಡ್ತಿದ್ರೆ ಗ್ಯಾರೇಜ್ ಯಾಕೆ? ಜೊತೆಗೆ ಅವರ ಹತ್ತಿರ ಕಣ ಇತ್ತು, ಗಾಡಿಯನ್ನು ನಾಲ್ಕು ದಿನ ಬಿಚ್ಚಿ ಇಡಬಹುದಿತ್ತು, ಕೇಳೋರಿಲ್ಲ. ಡೊಂಬಿವಿಲಿಯಲ್ಲಿ ನನ್ನ ಪರಿಸ್ಥಿತಿ ತಲೆಕೆಳಗು. ನನ್ನ ಪಾರ್ಕಿಂಗ್ ಜಾಗದಲ್ಲಿ ಬಾಗಿಲು ಪೂರ್ತಿ ತೆಗೆಯೋಕಾಗಲ್ಲ, ಒಂದು ಹನಿ ಆಯಿಲ್ ಬಿದ್ರೆ ಸೊಸೈಟಿ ಕಮಿಟಿಯ ನೋಟಿಸ್ ಬರುತ್ತೆ. ಆದರೆ ಎಂಐಡಿಸಿಯಲ್ಲಿ ಲೇತ್ ಮಷೀನು ನಡೆದುಹೋಗೋ ದೂರದಲ್ಲಿದೆ. ಊರಲ್ಲಿ ನಾವೇ ಮಾಡ್ತಿದ್ವಿ, ಇಲ್ಲೂ ನಾವೇ ಮಾಡ್ಬೇಕು ಅನ್ನೋದು ಅರ್ಧ ಊರಿನ ನೆನಪು, ಅರ್ಧ ಹಟ.

ಡೀಸೆಲ್ಲಿನ ಕಥೆ ಸ್ವಲ್ಪ ಹೇಳ್ಲೇಬೇಕು, ಯಾಕಂದ್ರೆ ಅದು ನಮ್ಮ ರೈಲ್ವೆ ಲೈನಿನ ಮೇಲೇ ಇದೆ. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಜೀಪು ಸಾಕೋದು ಕಷ್ಟ ಆಯಿತು. ದೇಶದ ತುಂಬ ರಸ್ತೆಬದಿ ಗ್ಯಾರೇಜುಗಳು ಪೆಟ್ರೋಲ್ ಎಂಜಿನ್ ಇಳಿಸಿ ಸಿಕ್ಕ ಡೀಸೆಲ್ ಎಂಜಿನ್ ಕೂರಿಸಿದವು. ಕಂಪನಿಯೂ ಡೀಸೆಲ್ಲಿಗೆ ತಿರುಗಿತು, ಫ್ರಾನ್ಸಿನ ಪೂಜೊ ಕಂಪನಿಯಿಂದ ಲೈಸೆನ್ಸ್ ತಂದು ಎಕ್ಸ್‌ಡಿಪಿ ಎಂಜಿನ್‌ಗಳನ್ನು ಇಗತ್‌ಪುರಿಯಲ್ಲಿ ತಯಾರಿಸಿತು. ನಾಸಿಕ್ ಕಡೆ ಹೋಗುವಾಗ ಕಸಾರಾ ಘಾಟ್ ಹತ್ತಿದ ಕೂಡಲೇ ಸಿಗುವ ಊರು ಅದೇ. ಎಂಎಂ540 ಜೀಪಿನ ಹೊಟ್ಟೆಯಲ್ಲಿದ್ದಿದ್ದು ಅದೇ ಎಂಜಿನ್. ಮಲೆನಾಡಿನ ಎಷ್ಟೋ ಮನೆಗಳ ‘ನಮ್ಮ ಜೀಪಿನ ಶಬ್ದ’ ಅನ್ನೋದು ಹಾಗೆ ನೋಡಿದ್ರೆ ಫ್ರೆಂಚ್ ಶಬ್ದ. ಇದೇ ಪೂಜೊ ಕಂಪನಿ 1994ರಲ್ಲಿ ಪ್ರೀಮಿಯರ್ ಜೊತೆ ಸೇರಿ ಕಲ್ಯಾಣದ ಕಾರ್ಖಾನೆಯಲ್ಲಿ 309 ಕಾರು ತಂದಿತು. ಕೆಲವೇ ವರ್ಷಕ್ಕೆ ಅದು ನಿಂತುಹೋಯಿತು. ಕಾರು ಮರೆತುಹೋಯಿತು, ಎಂಜಿನ್ ಮಾತ್ರ ಜೀಪುಗಳಲ್ಲಿ ಇನ್ನೂ ಕೆಮ್ಮುತ್ತಾ ಓಡ್ತಿದೆ.

ಇಷ್ಟೆಲ್ಲ ಎಂಜಿನ್ ಬದಲಾವಣೆ ಮಾಡೋಕೆ ಕಾನೂನು ಬಿಡ್ತಿತ್ತಾ ಅಂತ ವಿಡಿಯೋ ನೋಡಿದ ಒಬ್ಬರು ಕೇಳಿದ್ರು. ಬಿಡ್ತಿತ್ತು. 1939ರ ಮೋಟಾರು ಕಾಯ್ದೆಯಲ್ಲಿ ಬದಲಾವಣೆ ಆದ್ರೆ ನೋಂದಣಿ ಅಧಿಕಾರಿಗೆ ವರದಿ ಮಾಡ್ಬೇಕಿತ್ತು. 1988ರ ಕಾಯ್ದೆಯ 52ನೇ ಸೆಕ್ಷನ್ ಮೊದಲೇ ಒಪ್ಪಿಗೆ ತಗೊಳ್ಳಿ ಅಂದಿತು. 2000ದ ತಿದ್ದುಪಡಿ ಬಾಗಿಲನ್ನೇ ಬಹುಮಟ್ಟಿಗೆ ಮುಚ್ಚಿತು: ಕಂಪನಿ ಮೂಲತಃ ಕೊಟ್ಟ ವಿವರಗಳಿಗೂ ಆರ್‌ಸಿ ವಿವರಗಳಿಗೂ ವ್ಯತ್ಯಾಸ ಬರುವಂತೆ ಗಾಡಿ ಬದಲಾಯಿಸಬಾರದು. ಸಿಎನ್‌ಜಿಯಂಥ ಇಂಧನ ಬದಲಾವಣೆ, ಅಂಗವಿಕಲರಿಗೆ ಬೇಕಾದ ಮಾರ್ಪಾಡು ಇಂಥವಕ್ಕೆ ಮಾತ್ರ ದಾರಿ ಇದೆ. ಕೇರಳದ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು, ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ಮುಂದಿನ ಬುಲ್ ಬಾರ್‌ಗಳ ಮೇಲೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು.

ಗಮನಿಸಿ, ದಂಡ ‘ಮಾಲೀಕ’ನಿಗೆ. ಗ್ಯಾರೇಜಿನವರು "ಏನೂ ಆಗಲ್ಲ ಸಾರ್, ಎಲ್ಲರಿಗೂ ಹಾಕ್ಕೊಟ್ಟಿದ್ದೀವಿ" ಅಂತಾರೆ. ಅವರಿಗೆ ಏನೂ ಆಗಲ್ಲ ಅನ್ನೋದು ನಿಜ.

ನಮ್ಮಂಥ ವಲಸಿಗರಿಗೆ ಇಲ್ಲಿ ಇನ್ನೊಂದು ಗಂಟು ಇದೆ. ಕೆಎ ನಂಬರಿನ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ರೆ ಮಹಾರಾಷ್ಟ್ರದ ನೋಂದಣಿ ಮಾಡಿಸ್ಬೇಕು. ಕೆಎ 18 ಆಗಿದ್ದ ನನ್ನ ಗಾಡಿ ಎಂಎಚ್ 05 ಆಗೋಕೆ ಕಲ್ಯಾಣ ಆರ್‌ಟಿಒದಲ್ಲಿ ನಿಲ್ಲಬೇಕಾಯಿತು. ಠಾಣೆಯವರಿಗೆ 04, ವಾಶಿಯವರಿಗೆ 43, ಪನ್ವೆಲ್‌ನವರಿಗೆ 46. ಹದಿನೈದು ವರ್ಷ ಆದ ಮೇಲೆ ನೋಂದಣಿ ನವೀಕರಣಕ್ಕೆ ಮತ್ತೆ ತೋರಿಸ್ಬೇಕು. ಊರಿನ ಕಣದಲ್ಲಿ ಯಾರೂ ಕೇಳದೇ ಮಾಡಿದ್ದನ್ನೆಲ್ಲ ಇಲ್ಲಿ ಒಬ್ಬ ಇನ್‌ಸ್ಪೆಕ್ಟರ್ ಆರ್‌ಸಿ ಹಿಡ್ಕೊಂಡು ಸುತ್ತು ಹಾಕಿ ನೋಡ್ತಾನೆ. ಚಾಸಿ ಕತ್ತರಿಸೋದು, ಬೇರೆ ಎಂಜಿನ್ ಕೂರಿಸೋದು ಇವೆಲ್ಲ ಹಾಗಾಗಿ ಗ್ಯಾರೇಜೋ ಸ್ವಂತವೋ ಅನ್ನೋ ಪ್ರಶ್ನೆಗೇ ಬರೋದಿಲ್ಲ. ಲಿಫ್ಟು, ದೊಡ್ಡ ಟೈರು ಹಾಕೋ ಮೊದಲು ಕೂಡ ಆರ್‌ಟಿಒ ಮತ್ತು ಇನ್ಶೂರೆನ್ಸ್ ಎರಡನ್ನೂ ಕೇಳಿ. ನಾನು ಕೇಳದೆ ಮಾಡಿದ್ದೆ, ಆಮೇಲೆ ಇಳಿಸಿದ್ದೂ ಅದಕ್ಕೇ, ಈಗ ಕಂಪನಿ ಎತ್ತರದಲ್ಲೇ ಇದೆ.

ಉಳಿದ ಕೆಲಸಗಳಿಗೆ ನಾನು ಈಗ ಹೇಗೆ ಯೋಚನೆ ಮಾಡ್ತೀನಿ ಹೇಳ್ತೀನಿ. ‘ಇದು ಕಷ್ಟಾನಾ’ ಅಂತ ಕೇಳ್ಕೊಳ್ಳೋದು ಬಿಟ್ಟಿದ್ದೀನಿ. ‘ಇದು ಸರಿಯಾಗಿದೆ ಅಂತ ನೋಡೋದು ಹೇಗೆ, ಆ ಸಾಧನ ನನ್ನ ಹತ್ತಿರ ಇದೆಯಾ’ ಅಂತ ಕೇಳ್ಕೊಳ್ತೀನಿ.

ಡಿಫರೆನ್ಷಿಯಲ್‌ನ ಬ್ರೀದರ್ ಉದಾಹರಣೆ ತಗೊಳ್ಳಿ. ಓಡಿ ಬಿಸಿಯಾದ ಆ್ಯಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತೆ, ಸೀಲುಗಳ ಸಂದಿಯಿಂದ ನೀರು ಎಳೆದುಕೊಳ್ಳುತ್ತೆ. ಬ್ರೀದರ್‌ಗೆ ಒಂದು ಪೈಪು ಜೋಡಿಸಿ ಬಾನೆಟ್ಟಿನ ಎತ್ತರಕ್ಕೆ ತಂದ್ರೆ ಈ ತೊಂದರೆ ಬಹಳ ಕಡಿಮೆ. ಅರ್ಧ ಗಂಟೆ ಕೆಲಸ. ನೀರು ದಾಟಿ ಬಂದ ಮೇಲೆ ಪ್ಲಗ್ ತೆಗೆದು ನೋಡಿ, ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ರೆ ನೀರು ಹೋಗಿದೆ. ಪರೀಕ್ಷೆ ಕಣ್ಣಿನಿಂದಲೇ ಆಗುತ್ತೆ, ಹಾಗಾಗಿ ಇದು ನನ್ನ ಕೆಲಸ. ಲೈಟಿನ ವೈರಿಂಗೂ ಹಾಗೇ ಅಂದ್ಕೊಂಡಿದ್ದೆ, ಆದರೂ ಒಮ್ಮೆ ಸೋಮಾರಿತನದಿಂದ ಒಂದು ಅಂಗಡಿಗೆ ಕೊಟ್ಟೆ. ಅವರು ಬ್ಯಾಟರಿಯಿಂದ ನೇರ ವೈರ್ ಎಳೆದಿದ್ರು, ಫ್ಯೂಸೇ ಇಲ್ಲ. ಇಪ್ಪತ್ತು ನಿಮಿಷ ಲೈಟ್ ಉರಿಸಿ ವೈರ್ ಮುಟ್ಟಿದ್ರೆ ಕೈ ಸುಡ್ತಿತ್ತು. ಅಲ್ಲಿಗೆ ‘ಗ್ಯಾರೇಜಿಗೆ ಕೊಟ್ರೆ ಸುರಕ್ಷಿತ’ ಅನ್ನೋ ನಂಬಿಕೆಯೂ ಹೋಯಿತು.

ಸ್ನಾರ್ಕಲ್ ಹಾಕೋಕೆ ಬಾಡಿ ಕೊರೀಬೇಕು, ಅಳತೆ ತಪ್ಪಿದ್ರೆ ವಾಪಸ್ ಇಲ್ಲ, ಅಭ್ಯಾಸ ಇದ್ದವರಿಗೆ ಕೊಡೋದು ವಾಸಿ. ಆದರೆ ದುಡ್ಡು ಕೊಡೋ ಮೊದಲು ಎಂಜಿನ್ ನಿಧಾನಕ್ಕೆ ಓಡ್ತಿರುವಾಗ ಸ್ನಾರ್ಕಲ್ ಬಾಯಿಗೆ ಅಂಗೈ ಒತ್ತಿ. ಎಂಜಿನ್ ಉಸಿರುಗಟ್ಟಿ ತಡವರಿಸ್ಬೇಕು. ಏನೂ ಆಗದಂತೆ ಓಡ್ತಿದ್ರೆ ಗಾಳಿ ಬೇರೆಲ್ಲಿಂದಲೋ ಬರ್ತಿದೆ, ಹಳ್ಳದಲ್ಲಿ ಅಲ್ಲಿಂದಲೇ ನೀರು ಬರುತ್ತೆ. ಡಿಫರೆನ್ಷಿಯಲ್ ಒಳಗೆ ಲಾಕರ್ ಹಾಕೋದಂತೂ ನಾನು ಮುಟ್ಟೋದಿಲ್ಲ. ಹಲ್ಲುಗಳ ನಡುವಿನ ಸಡಿಲವನ್ನು ಡಯಲ್ ಗೇಜಿನಲ್ಲಿ ಅಳೀಬೇಕು, ಬಣ್ಣ ಹಚ್ಚಿ ತಿರುಗಿಸಿ ಹಲ್ಲಿನ ಮೇಲೆ ಗುರುತು ಎಲ್ಲಿ ಬೀಳುತ್ತೆ ನೋಡ್ಬೇಕು. ಅಳತೆ ಮಾಡೋಕೆ ನನಗೆ ಬರಲ್ಲ, ಆದರೆ ಆ ಗುರುತಿನ ಫೋಟೋ ತೋರಿಸಿ ಅಂತ ಕೇಳೋಕೆ ಬರುತ್ತೆ. ‘ಅದೆಲ್ಲ ಅಂದಾಜಿನಲ್ಲೇ ಆಗುತ್ತೆ’ ಅಂದವರ ಹತ್ತಿರ ಗಾಡಿ ಬಿಡೋದಿಲ್ಲ.

ಹೊಸ ಥಾರ್, ಜಿಮ್ನಿ ಇಟ್ಟುಕೊಂಡವರಿಗೆ ಗೆರೆ ಇನ್ನಷ್ಟು ಮೇಲಿದೆ. ಎಬಿಎಸ್, ಇಎಸ್‌ಪಿ, ಏರ್‌ಬ್ಯಾಗ್ ಇರೋ ಗಾಡಿಯಲ್ಲಿ ವೈರ್ ಕತ್ತರಿಸಿ ಜೋಡಿಸೋದು, ಬ್ಯಾಟರಿ ಬಿಚ್ಚದೇ ವೆಲ್ಡಿಂಗ್ ಮಾಡೋದು ದುಬಾರಿ ಆಟ. ಗಾಡಿಯ ತಲೆಯಲ್ಲಿ ಏನಾಗಿದೆ ಅಂತ ಕಣ್ಣಿಗೆ ಕಾಣೋದಿಲ್ಲ, ಸ್ಕ್ಯಾನರ್ ಬೇಕು.

ಮಹಾಪೆ, ರಬಾಳೆ, ತುರ್ಭೆ ಕಡೆ ನಮ್ಮ ಗಾಜಿನ ಆಫೀಸುಗಳ ಬೆನ್ನಿಗೇ ಎಂಐಡಿಸಿಯ ಲೇತ್, ವೆಲ್ಡಿಂಗ್ ಶೆಡ್ಡುಗಳಿವೆ. ಎಂಐಡಿಸಿ ಹುಟ್ಟಿದ್ದು 1962ರಲ್ಲಿ, ಐಟಿ ಪಾರ್ಕುಗಳು ಆ ನೆಲಕ್ಕೆ ಬಂದ ಹೊಸ ಬಾಡಿಗೆದಾರರು. ಸ್ಪ್ರಿಂಗ್ ಪ್ಲೇಟು ಬಾಗಿಸೋ ಕಮಾನಿವಾಲಾಗಳು ಈ ಕಡೆ ಇನ್ನೂ ಇದ್ದಾರೆ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಒಮ್ಮೆ ಹೋಗಿ ನಿಂತು ನೋಡಿ. ಬ್ರ್ಯಾಂಡ್ ಹೆಸರಿನ ಮಾಡಿಫಿಕೇಶನ್ ಅಂಗಡಿಗಳ ಎಷ್ಟೋ ಕೆಲಸ ಕೊನೆಗೆ ಇಂಥ ಶೆಡ್ಡುಗಳಿಗೇ ಬರುತ್ತೆ ಅನ್ನೋದು ನನ್ನ ಅನುಮಾನ.

ಬ್ರೇಕ್ ಪ್ರಸಂಗ ಆದ ಮೇಲೆ ನಾನು ಡೊಂಬಿವಿಲಿ ಎಂಐಡಿಸಿಯ ಅಂಥದ್ದೇ ಒಂದು ಸಣ್ಣ ಗ್ಯಾರೇಜಿಗೆ ಹೋದೆ, ಹಿಂದಿನ ಹೋಸ್ ಬದಲಾಯಿಸಿ ಶಾಕಲ್ ವಾಪಸ್ ಹಳೇದು ಹಾಕಿಸೋಕೆ. ಕೆಲಸ ಮುಗಿದ ಮೇಲೆ, ಚಾಸಿ ಎತ್ತಿ ಆ್ಯಕ್ಸಲ್ ಪೂರ್ತಿ ನೇತಾಡೋ ಹಾಗೆ ಬಿಡಿ, ನಾನು ನೋಡ್ಬೇಕು ಅಂದೆ. ಫಿಟ್ಟರ್ ಚಾಚಾ ನಕ್ಕರು, ಆದರೂ ಎತ್ತಿದರು. ಹೋಸ್ ಆರಾಮವಾಗಿತ್ತು. ನಾನು ಸಮಾಧಾನದಿಂದ ಫೋಟೋ ತೆಗೆದು ಅಪ್ಪಯ್ಯನಿಗೆ ವಾಟ್ಸಾಪ್ ಮಾಡಿದೆ. ಎರಡು ನಿಮಿಷಕ್ಕೆ ಫೋನ್ ಬಂತು. "ಹಿಂದಿಂದು ಸರಿ. ಮುಂದಿಂದು? ಸ್ಟೇರಿಂಗ್ ಪೂರ್ತಿ ತಿರುಗಿಸಿ ನೋಡಿದ್ಯನಾ?"

ಚಾಚಾ ಸ್ಟೇರಿಂಗನ್ನು ಎಡಕ್ಕೆ ಕೊನೆವರೆಗೆ ತಿರುಗಿಸಿದರು. ಬಲಗಡೆಯ ಹೋಸ್ ಟೈರಿಗೆ ತಾಗುತ್ತಿತ್ತು, ಮೇಲಿನ ರಬ್ಬರ್ ಸವೆದು ಒಳಗಿನ ನೂಲು ಕಾಣ್ತಿತ್ತು. ಅದೂ ನಾನೇ ಟಾರ್ಶನ್ ಬಾರ್ ಏರಿಸಿದ್ದ ಕಡೆ. ಚಾಚಾ ಈ ಸಲ ನಗಲಿಲ್ಲ. ಟಾರ್ಚ್ ನನ್ನ ಕೈಗೆ ಕೊಟ್ಟು, ಹೊಸ ಹೋಸ್ ತರೋಕೆ ಹುಡುಗನನ್ನು ಕಳಿಸಿದರು.